ಪ್ರತಿ: ಯಾರೂ ನೋಡದ ಬಿಗ್ ಬ್ಯಾಂಗ್‌ಗೆ ಸಾಕ್ಷಿ ಎಲ್ಲಿದೆ?

ಬಿಗ್ ಬ್ಯಾಂಗನ್ನು, ಅಂದರೆ ವಿಶ್ವ ಶುರುವಾದ ಮಹಾಸ್ಫೋಟವನ್ನು ಯಾರೂ ನೋಡಿಲ್ಲ, ಮತ್ತೆ ನಂಬುವುದು ಹೇಗೆ ಅಂತ ಕೇಳಿದ್ದೀರಿ. ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದು ಒಂದು ಸುಳಿವು. ಆದರೆ ನನ್ನನ್ನು ಜಾಸ್ತಿ ಒಪ್ಪಿಸಿದ್ದು ಒಂದು ಹಳೆಯ ಬೆಳಕು. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ರೇಡಿಯೋ ಆಂಟೆನಾವನ್ನು ಎತ್ತ ತಿರುಗಿಸಿದರೂ ಒಂದೇ ಸಮನೆ ಗೊರಗೊರ ಸದ್ದು. ಒಳಗಿದ್ದ ಪಾರಿವಾಳದ ಹಿಕ್ಕೆ ತೊಳೆದರೂ ಹೋಗಲಿಲ್ಲ! ಆ ಸದ್ದಿಗೆ ಕಾರಣ, ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟು, ಈಗ ರೇಡಿಯೋ ಅಲೆಯಾಗಿ ಬರುತ್ತಿರುವ ಬೆಳಕು. ಆಗ ಸುಮಾರು 3,000 ಕೆಲ್ವಿನ್ (ತಾಪದ ಅಳತೆ) ಬಿಸಿ. ವಿಶ್ವ ಹಿಗ್ಗುತ್ತಾ ಹೋಗಿ ಈಗ 2.7 ಕೆಲ್ವಿನ್‌ಗೆ ಇಳಿದಿದೆ. 1989ರಲ್ಲಿ ಹಾರಿದ ಕೋಬೆ ಉಪಗ್ರಹ ಯಾವ ಅಲೆಯಲ್ಲಿ ಈ ಬೆಳಕು ಎಷ್ಟಿದೆ ಅಂತ ಅಳೆದಾಗ, ಸಿದ್ಧಾಂತದ ಲೆಕ್ಕ ಹೇಳಿದ ಗೆರೆಯ ಮೇಲೇ ಅಳತೆ ಕೂತಿತು. ಇದು ಸುಮ್ನೆ ಆಗುವಂಥದ್ದಲ್ಲ, ಅಲ್ವಾ? ಒಂದು ಮಾತು ಮಾತ್ರ: ವಿಶ್ವ ಒಮ್ಮೆ ಬಿಸಿಯಾಗಿ, ದಟ್ಟವಾಗಿ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ, ಮೊದಲ ಕ್ಷಣಕ್ಕಲ್ಲ. ಈ ಬೆಳಕು ಹೊರಡುವುದಕ್ಕೂ ಹಿಂದೆ ವಿಶ್ವ ಮಂಜು ಕವಿದ ಹಾಗಿತ್ತು, ಬೆಳಕು ಹೊರಬರುತ್ತಿರಲಿಲ್ಲ.