ಹಂಚಿಕೆ ಪತ್ರದಲ್ಲಿ ಹಸು ಮೇಯಿಸುತ್ತಿದ್ದವನ ಹೆಸರಿಲ್ಲ, ಏಕೆ?

ಬಹುಶಃ ಆತ ಬಾಡಿಗೆದಾರ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಹಳ್ಳಿಯ ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಹಸು ಮೇಯಿಸುತ್ತಿದ್ದವನು 1790ರ ದಶಕದ ಹಂಚಿಕೆ ಪತ್ರದಲ್ಲಿ (ಸಾರ್ವಜನಿಕ ಭೂಮಿಯನ್ನು ಬೇಲಿ ಹಾಕಿದ ಖಾಸಗಿ ತುಂಡುಗಳಾಗಿ ಒಡೆದು ಯಾರಿಗೆ ಎಷ್ಟು ಕೊಟ್ಟರೆಂಬ ದಾಖಲೆ) ಏಕೆ ಕಾಣುವುದಿಲ್ಲ ಎಂದು ಕೇಳಿದ್ದೀರಿ. ಮೇಯಿಸುವ ಹಕ್ಕು ಹೆಚ್ಚಾಗಿ ಮನೆಗೆ ಅಂಟಿಕೊಂಡಿರುತ್ತಿತ್ತು, ವಾಸವಿದ್ದವನಿಗಲ್ಲ. ಅದಕ್ಕೆ ಬದಲಾಗಿ ಬಂದ ತುಂಡು ಭೂಮಿ ಮನೆಯ ಒಡೆಯನ ಪಾಲಾಯಿತು. ಹಸುವಿದ್ದವನಿಗೆ ಚಿಪ್ಪೇ ಗತಿ.

ಮೊದಲು ಆ ಊರಿನ ಭೂಕಂದಾಯ ಪಟ್ಟಿ ನೋಡಿ. 1780ರಿಂದ 1832ರವರೆಗಿನವು ಜಿಲ್ಲಾ ದಾಖಲಾಗಾರಗಳಲ್ಲಿ ಚೆನ್ನಾಗಿ ಉಳಿದಿವೆ. ಒಡೆಯ ಮತ್ತು ಅನುಭೋಗದಾರ (ಅಲ್ಲಿ ವಾಸವಿದ್ದವನು) ಬೇರೆ ಬೇರೆ ಅಂಕಣದಲ್ಲಿರುತ್ತಾರೆ. ತೀರಾ ಸಣ್ಣ ಮನೆಗಳು ಬಿಟ್ಟುಹೋಗಿರಲೂಬಹುದು, ಹಾಗಾಗಿ ಹೆಸರಿಲ್ಲ ಎಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ.

ಆತ ಅನುಭೋಗದಾರರ ಅಂಕಣದಲ್ಲಿದ್ದರೆ ಉತ್ತರ ಸಿಕ್ಕಂತೆ. ಒಡೆಯನೇ ಆಗಿದ್ದರೆ ಕಥೆ ಬೇರೆ: ಖರ್ಚು ತಾಳದೆ ಹಂಚಿಕೆಗೆ ಸಹಿ ಬೀಳುವ ಮೊದಲೇ ಮಾರಿರಬಹುದು. ಎರಡು ಮೂರು ಎಕರೆ ಸಿಕ್ಕವನೂ ಗಡುವಿನೊಳಗೆ ಕಂದಕ ತೋಡಿ, ಹಾಥಾರ್ನ್ ಮುಳ್ಳಿನ ಸಸಿ ನೆಟ್ಟು, ದನ ತಿನ್ನದಂತೆ ಅವುಗಳಿಗೆ ಮರದ ಕಟಕಟೆ ಕಟ್ಟಬೇಕಿತ್ತು. ಮೇಲೆ ಭೂಮಿ ಹಂಚಿಕೊಟ್ಟ ಕಮಿಷನರುಗಳ, ಮೋಜಣಿದಾರನ, ವಕೀಲರ ಖರ್ಚಿನಲ್ಲಿ ಪಾಲು. ಚರ್ಚಿನ ದಶಾಂಶದ (ಬೆಳೆಯ ಹತ್ತನೇ ಒಂದು ಪಾಲಿನ) ಬದಲು ಕೊಟ್ಟ ಭೂಮಿಯ ಬೇಲಿಯ ವೆಚ್ಚವನ್ನೂ ಅನೇಕ ಕಡೆ ಉಳಿದವರೇ ಹೊರಬೇಕಿತ್ತು, ಇದಂತೂ ಹಗಲುದರೋಡೆ! ತುಂಡು ಚಿಕ್ಕದಾದಷ್ಟೂ ಎಕರೆಗೆ ಬೇಲಿಯ ಉದ್ದ ಹೆಚ್ಚು.

ಆಮೇಲೆ ಆ ಊರಿಗೆಂದೇ ಪಾರ್ಲಿಮೆಂಟು ಮಾಡಿದ ಕಾಯ್ದೆಯನ್ನು ಓದಿ. ಬೇಲಿಯ ಗಡುವು, ಖರ್ಚಿನ ಹಂಚಿಕೆ ಅದರಲ್ಲಿರುತ್ತದೆ. ಕಮಿಷನರುಗಳ ಮುಂದೆ ಸಲ್ಲಿಸಿದ ಹಕ್ಕುಸಾಧನೆಯ ಪಟ್ಟಿ ಉಳಿದಿದ್ದರೆ ಅದನ್ನೂ ಕೇಳಿ ಪಡೆಯಿರಿ. ತಿರಸ್ಕೃತರ ಹೆಸರು ಸಿಗುವುದು ಅಲ್ಲಿಯೇ.