ಓದುಗರ ಪ್ರಶ್ನೆ, ನಮ್ಮ ಉತ್ತರ: ನ್ಯೂಗ್ರೇಂಜ್ ದಿಬ್ಬದೊಳಗೆ ಹದಿನೇಳು ನಿಮಿಷದ ಬಿಸಿಲು

ಪ್ರಶ್ನೆ: ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯನ್ನು ಡ್ರೂಯಿಡ್ ಪುರೋಹಿತರು ಕಟ್ಟಿಸಿದರಂತೆ, ಡಿಸೆಂಬರ್ 21ರಂದು ಬಾಗಿಲಿನಿಂದ ಬಿಸಿಲು ಗರ್ಭಗುಡಿಗೆ ಬೀಳುತ್ತದಂತೆ. ನಿಜವೇ? (ಹುಬ್ಬಳ್ಳಿ)

ಬಿಸಿಲು ಬೀಳುವುದು ನಿಜ. ಡ್ರೂಯಿಡರೂ ಸುಳ್ಳು, ಬಾಗಿಲೂ ಸುಳ್ಳು.

ಮೀತ್ ಕೌಂಟಿಯ ಬಾಯ್ನ್ ನದಿಯ ದಂಡೆಯಲ್ಲಿರುವ ಈ ದಿಬ್ಬವನ್ನು ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದರು. ಡ್ರೂಯಿಡರ ಕೆಲ್ಟಿಕ್ ಭಾಷೆ ಐರ್ಲೆಂಡಿಗೆ ಬಂದದ್ದು ಅದಾಗಿ ಸಾವಿರಾರು ವರ್ಷಗಳ ನಂತರ. ಕಟ್ಟಿದವರು ಹೊಸ ಶಿಲಾಯುಗದ ಬೇಸಾಯಗಾರರು. ಅವರ ಕೈಯಲ್ಲಿ ಲೋಹ ಇರಲಿಲ್ಲ, ಬರವಣಿಗೆಯೂ ಇರಲಿಲ್ಲ.

ಬಾಗಿಲಿನ ವಿಷಯಕ್ಕೆ ಬಂದರೆ, ಕಟ್ಟಿದವರ ಜಾಣತನ ಇರುವುದೇ ಇಲ್ಲಿ. ಸುಮಾರು 85 ಮೀಟರ್ ಅಗಲದ ದಿಬ್ಬ, ಸುತ್ತ 97 ದೊಡ್ಡ ಅಂಚುಗಲ್ಲುಗಳು, ಒಳಕ್ಕೆ 19 ಮೀಟರ್ ಉದ್ದದ ಇಕ್ಕಟ್ಟು ಓಣಿ. ಓಣಿಯ ನೆಲ ಸಮತಟ್ಟಲ್ಲ. ಬಾಗಿಲಿನಿಂದ ಕೋಣೆ ಮುಟ್ಟುವಷ್ಟರಲ್ಲಿ ಸುಮಾರು 2 ಮೀಟರ್ ಏರುತ್ತದೆ. ಹಾಗಾಗಿ ಬಾಗಿಲಿನಿಂದ ಬಂದ ಬೆಳಕು ಅರ್ಧ ದಾರಿಯಲ್ಲೇ ನೆಲಕ್ಕೆ ಬಡಿದು ನಿಲ್ಲುತ್ತದೆ. ಅದಕ್ಕೆ ಬಾಗಿಲಿನ ಮೇಲೆ ಪ್ರತ್ಯೇಕವಾಗಿ ಒಂದು ಬೆಳಕಿನ ಗೂಡು ಬಿಟ್ಟಿದ್ದಾರೆ: ಒಂದು ಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರ. ಗೂಡಿನ ತಳವೂ ಒಳಗಿನ ಕೋಣೆಯ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟ. ಹುಟ್ಟುವ ಸೂರ್ಯನ ಅಡ್ಡ ಕಿರಣ ಗೂಡಿನಲ್ಲಿ ತೂರಿ ನೇರವಾಗಿ ಕೋಣೆಗೆ ಇಳಿಯುತ್ತದೆ. ಗೂಡನ್ನು ಬೆಣಚುಕಲ್ಲಿನ ಗಟ್ಟಿಗಳಿಂದ ಮುಚ್ಚಿ ತೆಗೆಯುತ್ತಿದ್ದರು. ಎಳೆದಾಡಿದ ಗೀರುಗಳು ಕೆಳಗಿನ ಕಲ್ಲಿನ ಮೇಲೆ ಇವತ್ತಿಗೂ ಕಾಣುತ್ತವೆ.

ಇದನ್ನು ಗೊತ್ತುಮಾಡಿದವರು ಕಾರ್ಕ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಮೈಕಲ್ ಓಕೆಲಿ. ಉತ್ಖನನ ನಡೆದದ್ದು 1962ರಿಂದ 1975ರವರೆಗೆ. ಯಾವುದೋ ಒಂದು ದಿನ ಬಿಸಿಲು ಕೋಣೆಯ ಮೂರು ಸುರುಳಿಯ ಕೆತ್ತನೆಯನ್ನು ಮುಟ್ಟುತ್ತದೆ ಎಂದು ಊರವರು ಹೇಳುತ್ತಲೇ ಇದ್ದರು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುವೃತ್ತದ ಕಥೆಯನ್ನು ಇಲ್ಲಿಗೆ ತಂದು ಸೇರಿಸಿದ್ದಾರೆ ಎಂದೇ ಓಕೆಲಿ ಮೊದಲು ಎಣಿಸಿದ್ದು. 1967ರ ಡಿಸೆಂಬರ್ 21ರ ಬೆಳಗ್ಗೆ ಕತ್ತಲೆಯಲ್ಲಿ ಒಬ್ಬರೇ ಕಾದು ಕುಳಿತರು. ಪೆನ್ಸಿಲಿನಷ್ಟು ತೆಳುವಾದ ಗೆರೆಯಾಗಿ ಬಂದ ಬೆಳಕು ಅಗಲವಾಗಿ 17 ಸೆಂಟಿಮೀಟರ್ ಪಟ್ಟಿಯಾಯಿತು. ಒಳಗೆ ಬೆಳಕು ಇರುವುದು ಒಟ್ಟು 17 ನಿಮಿಷ.

ಕಟ್ಟಡದ ಇನ್ನೊಂದು ಸೂಕ್ಷ್ಮವನ್ನೂ ನೋಡಿ. ಚಾವಣಿಯ ಚಪ್ಪಡಿಗಳ ಮೇಲೆ ಮಳೆನೀರು ಹರಿದುಹೋಗಲು ಕಾಲುವೆ ಕೊರೆದಿದ್ದಾರೆ, ಸಂದುಗಳಿಗೆ ಸುಟ್ಟ ಮಣ್ಣು ಮತ್ತು ಸಮುದ್ರದ ಮರಳು ತುಂಬಿದ್ದಾರೆ. ಐದು ಸಾವಿರ ವರ್ಷವಾದರೂ ಕೋಣೆ ಸೋರಿಲ್ಲ. ಕಾಲನಿರ್ಣಯಕ್ಕೆ ಇಂಗಾಲದ ಮಾದರಿ ಸಿಕ್ಕಿದ್ದೂ ಆ ಸುಟ್ಟ ಮಣ್ಣಿನಲ್ಲೇ.

ಪ್ರಶ್ನೆ: ಐರಿಶ್ ಪುರಾಣದಲ್ಲಿ ಈ ಬೆಳಕಿನ ನೆನಪು ಉಳಿದಿದೆಯೇ? (ಶಿವಮೊಗ್ಗ)

ಪುರಾಣದಲ್ಲಿ ಈ ಜಾಗದ ಹೆಸರು ಬ್ರೂ ನ ಬೋನ್ಯ, ಬಾಯ್ನ್ ದಂಡೆಯ ಅರಮನೆ. ತುವಾಹಾ ಡೇ ಡನನ್ ಎಂಬ ದೇವಕುಲದ ಹಿರಿಯ ದಗ್ದನಿಗೆ ಆ ಅರಮನೆಯ ಒಡೆಯ ಎಲ್ಕ್‌ಮರನ ಹೆಂಡತಿ, ನದಿದೇವತೆ ಬೋವನ್ ಮೇಲೆ ಮನಸ್ಸು. ಗಂಡನನ್ನು ಒಂದು ದಿನದ ಕೆಲಸವೆಂದು ಎಲ್ಲಿಗೋ ಕಳಿಸಿ, ದಾರಿಯಲ್ಲಿ ಅವನಿಗೆ ಹಸಿವು ಬಾಯಾರಿಕೆ ತಿಳಿಯದಂತೆ, ರಾತ್ರಿಯ ಕತ್ತಲೆ ಕಾಣದಂತೆ ಮಂತ್ರ ಹಾಕುತ್ತಾನೆ. ಎಲ್ಕ್‌ಮರನ ಲೆಕ್ಕದಲ್ಲಿ ಒಂದೇ ದಿನ, ನಿಜಕ್ಕೆ ಒಂಬತ್ತು ತಿಂಗಳು. ಅಷ್ಟರಲ್ಲಿ ಎಂಗಸ್ ಹುಟ್ಟಿರುತ್ತಾನೆ.

ದೊಡ್ಡವನಾದ ಎಂಗಸ್ ಆ ಅರಮನೆಯನ್ನು ದಕ್ಕಿಸಿಕೊಂಡ ಉಪಾಯ ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಅವನು ಕೇಳಿದ್ದು ‘ಹಗಲು ರಾತ್ರಿ’ಯ ಒಡೆತನವನ್ನು. ಐರಿಶ್‌ನಲ್ಲೂ ನಮ್ಮಂತೆ ‘ಒಂದು’ ಎನ್ನದೆಯೇ ಹೇಳಬಹುದು. ಒಂದು ಹಗಲು ಒಂದು ರಾತ್ರಿ ತಾನೇ ಎಂದು ಎಲ್ಕ್‌ಮರ್ ಒಪ್ಪಿದ. ಲೋಕವೆಲ್ಲ ಸಾಗುವುದೇ ಹಗಲು ರಾತ್ರಿಗಳಲ್ಲಿ, ಆದ್ದರಿಂದ ಕೊಟ್ಟದ್ದು ಎಂದೆಂದಿಗೂ ಎಂದು ದಗ್ದ ತೀರ್ಪು ಕೊಟ್ಟ. ಈ ಕಥೆಯ ಇನ್ನೊಂದು ರೂಪದಲ್ಲಿ ಮೋಸಹೋಗುವವನು ದಗ್ದನೇ.

ದಿನ ಸರಿಯದೆ ನಿಂತ ಕಥೆಗೂ ಅಯನದ (ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುವ ಡಿಸೆಂಬರ್ 21ರ) ಹೊತ್ತಿಗೆ ಸೂರ್ಯ ಹುಟ್ಟುವ ಜಾಗ ಕೆಲವು ದಿನ ಕದಲದಿರುವುದಕ್ಕೂ ನಂಟು ಹಾಕುವ ಆಸೆ ಯಾರಿಗೂ ಆಗುತ್ತದೆ. ಆದರೆ ಕಲ್ಲು ನಿಲ್ಲಿಸಿದ ಕಾಲಕ್ಕೂ ಕ್ರೈಸ್ತ ಸನ್ಯಾಸಿಗಳು ಈ ಕಥೆಗಳನ್ನು ಬರೆದಿಟ್ಟ ಕಾಲಕ್ಕೂ ನಡುವೆ ಸುಮಾರು 4,000 ವರ್ಷಗಳಿವೆ. ನಡುವೆ ಭಾಷೆ ಬದಲಾಗಿದೆ, ಜನ ಬದಲಾಗಿದ್ದಾರೆ, ದಿಬ್ಬದ ಬಾಯಿಯೂ ಕುಸಿದು ಮುಚ್ಚಿತ್ತು. ಅದು ಮತ್ತೆ ಕಂಡದ್ದು 1699ರಲ್ಲಿ, ರಸ್ತೆಗೆ ಕಲ್ಲು ತೆಗೆಯುವಾಗ. ಕಾಣುವ ದಿಬ್ಬಕ್ಕೆ ಆಮೇಲಿನವರು ಕಥೆ ಹೊಸೆದರು ಎನ್ನುವುದೇ ಹೆಚ್ಚು ನಂಬುವಂಥದ್ದು.

ಒಂದು ಕಥೆ ಮಾತ್ರ ಪಂಡಿತರನ್ನೂ ತಡೆದು ನಿಲ್ಲಿಸಿದೆ. ನ್ಯೂಗ್ರೇಂಜ್‌ನಿಂದ ಸುಮಾರು 2 ಕಿಲೋಮೀಟರ್ ದೂರದ ಡೌತ್ ದಿಬ್ಬದ ಕಥೆ ಅದು. ಬ್ರೆಸಲ್ ಎಂಬ ರಾಜ ಒಂದೇ ದಿನದಲ್ಲಿ ಆಕಾಶ ಮುಟ್ಟುವ ಗೋಪುರ ಕಟ್ಟಿಸಲು ಹೊರಡುತ್ತಾನೆ. ಅವನ ತಂಗಿ ಮಂತ್ರದಿಂದ ಸೂರ್ಯನನ್ನು ತಡೆದು ನಿಲ್ಲಿಸುತ್ತಾಳೆ. ರಾಜ ತಂಗಿಯನ್ನೇ ಕೂಡುತ್ತಾನೆ, ಮಂತ್ರ ಮುರಿದು ಕತ್ತಲಾಗುತ್ತದೆ. ಡೌತ್ ಎಂದರೆ ಕತ್ತಲೆ. ಅದರ ದಕ್ಷಿಣ ಕೋಣೆಗೆ ಬೆಳಕು ಬೀಳುವುದೂ ಡಿಸೆಂಬರ್ ಅಯನದ ಸೂರ್ಯಾಸ್ತದಲ್ಲಿ. 2020ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ತಂಡ ನ್ಯೂಗ್ರೇಂಜ್ ಕೋಣೆಯಲ್ಲಿ ಸಿಕ್ಕ ಪುರುಷನೊಬ್ಬನ ಮೂಳೆಯ ಡಿಎನ್‌ಎ ಓದಿತು. ಅವನ ತಂದೆತಾಯಿ ಒಡಹುಟ್ಟಿದವರು, ಇಲ್ಲವೇ ಒಬ್ಬರು ಇನ್ನೊಬ್ಬರ ಮಗುವೇ. ಆ ತಂಡದ ಲೇಖನದಲ್ಲೇ ಡೌತ್ ಕಥೆಯ ಪ್ರಸ್ತಾಪವೂ ಇದೆ. ನೆನಪು ಅಷ್ಟು ದೂರ ಸಾಗಿತೆಂದು ಇಷ್ಟರಿಂದಲೇ ಒಪ್ಪಲು ಆಗದು. ಕೈಬೀಸಿ ತಳ್ಳಿಹಾಕಲೂ ಆಗದು.

ಪ್ರಶ್ನೆ: ಬಾಯ್ನ್ ನದಿಯ ಹಳೆಯ ಹೆಸರು ‘ಬುವಿಂದ’. ಅದು ನಮ್ಮ ಗೋವಿಂದನೇ ಅಲ್ಲವೇ? (ಉಡುಪಿ)

ಅರ್ಧ ಸರಿ. ಭೂಗೋಳಕಾರ ಟಾಲೆಮಿ ಕ್ರಿ.ಶ. 2ನೇ ಶತಮಾನದಲ್ಲಿ ಆ ನದಿಯನ್ನು ಬುವಿಂದ ಎಂದೇ ಬರೆದಿದ್ದಾನೆ. ಐರಿಶ್ ‘ಬೋ’ ಮತ್ತು ಸಂಸ್ಕೃತ ‘ಗೋ’ ಒಂದೇ ಬೇರಿನ ಪದಗಳು, ಎರಡಕ್ಕೂ ಅರ್ಥ ಹಸು. ಮೂಲದ ಒಂದೇ ಧ್ವನಿ ಅಲ್ಲಿ ಬಕಾರವಾಯಿತು, ಇಲ್ಲಿ ಗಕಾರ. ಆದರೆ ಅವರ ‘ವಿಂದ’ ಎಂದರೆ ಬಿಳಿ, ನಮ್ಮಲ್ಲಿ ಗೋವಿಂದ ಎಂದರೆ ಗೋವುಗಳನ್ನು ಪಡೆದವನು. ಬೋವನ್ ಅಂದರೆ ಬಿಳಿ ಹಸು. ಆಕಾಶಗಂಗೆಗೆ ಐರಿಶ್ ಹೆಸರು ‘ಬಿಳಿ ಹಸುವಿನ ದಾರಿ’. ಪದ ದಾಯಾದಿಗಳಾದ ಮಾತ್ರಕ್ಕೆ ದೇವರು ಒಂದೇ ಆಗುವುದಿಲ್ಲ.

ಪ್ರಶ್ನೆ: ಕಲ್ಲಿನ ಸಾಲು ಸೂರ್ಯನತ್ತ ಇದೆಯೇ ಎಂದು ನಾವೇ ಲೆಕ್ಕ ಹಾಕುವುದು ಹೇಗೆ? ಮೊಬೈಲ್ ದಿಕ್ಸೂಚಿ ಸಾಕೇ? (ಮೈಸೂರು)

ಸಾಲದು. ಅದು ತೋರಿಸುವುದು ಕಾಂತೀಯ ಉತ್ತರ, ಪಕ್ಕದಲ್ಲಿ ಕಬ್ಬಿಣವಿದ್ದರೆ ಅದೂ ತಪ್ಪು. ಓಣಿಯ ಎರಡು ತುದಿಗಳ ಸ್ಥಾನವನ್ನು ಸರಿಯಾಗಿ ಅಳೆದು ದಿಕ್ಕು ತೆಗೆಯಿರಿ.

ಸೂರ್ಯ ಆಕಾಶದ ಸಮಭಾಜಕ ರೇಖೆಯಿಂದ ಎಷ್ಟು ಡಿಗ್ರಿ ದೂರವಿದ್ದಾನೆ ಎಂಬುದೇ ಅವನ ಕ್ರಾಂತಿ, ಡಿಸೆಂಬರ್ ಅಯನದಂದು ಅದು 23.44. ಆಮೇಲೆ ಆ ಕ್ರಾಂತಿಯ ಸೈನ್ ಅನ್ನು ಅಕ್ಷಾಂಶದ ಕೊಸೈನ್‌ನಿಂದ ಭಾಗಿಸಿ. ನ್ಯೂಗ್ರೇಂಜ್ ಅಕ್ಷಾಂಶ 53.7. 0.398 ಭಾಗಿಸು 0.592, ಅಂದರೆ 0.672. ಅದರ ವಿಲೋಮ ಸೈನ್ 42.2 ಡಿಗ್ರಿ. ಡಿಸೆಂಬರ್ ಅಯನದಂದು ಸೂರ್ಯ ಪೂರ್ವದಿಂದ ದಕ್ಷಿಣಕ್ಕೆ ಅಷ್ಟು ಸರಿದು ಹುಟ್ಟುತ್ತಾನೆ. ಇದೇ ಲೆಕ್ಕಕ್ಕೆ ಬೆಂಗಳೂರಿನಲ್ಲಿ ಬರುವುದು 24 ಡಿಗ್ರಿ.

ಎಡವುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಎದುರಿನ ಗುಡ್ಡ. ನ್ಯೂಗ್ರೇಂಜ್‌ನಲ್ಲಿ ದಿಗಂತ ಒಂದು ಡಿಗ್ರಿ ಎತ್ತರವಿದ್ದರೆ ಸೂರ್ಯ ಕಾಣಿಸುವ ಜಾಗ ಸುಮಾರು 1.9 ಡಿಗ್ರಿ ದಕ್ಷಿಣಕ್ಕೆ ಜರುಗುತ್ತದೆ. ಬೆಂಗಳೂರಿನಲ್ಲಿ ಅದೇ ಗುಡ್ಡದಿಂದ ಆಗುವ ವ್ಯತ್ಯಾಸ ಕಾಲು ಡಿಗ್ರಿ ಮಾತ್ರ. ವಾತಾವರಣದ ವಕ್ರೀಭವನ ಸೂರ್ಯನನ್ನು ಅರ್ಧ ಡಿಗ್ರಿಗೂ ಹೆಚ್ಚು ಮೇಲೆತ್ತಿ ತೋರಿಸುತ್ತದೆ, ಅದನ್ನೂ ಕಳೆಯಬೇಕು. ಎರಡನೆಯದು ಕಾಲ. ಭೂಮಿಯ ಅಕ್ಷದ ವಾಲು ಈಗ 23.44 ಡಿಗ್ರಿ, ದಿಬ್ಬ ಕಟ್ಟಿದಾಗ ಸುಮಾರು 24. ಇದರಿಂದ ಸೂರ್ಯ ಹುಟ್ಟುವ ಬಿಂದು ಎರಡು ಸೂರ್ಯಬಿಂಬದ ಅಗಲಕ್ಕಿಂತ ಹೆಚ್ಚೇ ಸರಿದಿದೆ. ಈಗ ಸೂರ್ಯ ಹುಟ್ಟಿ ನಾಲ್ಕು ನಿಮಿಷದ ಮೇಲೆ ಬೆಳಕು ಒಳಬರುತ್ತದೆ. ಕಟ್ಟಿದ ಕಾಲದಲ್ಲಿ ಹುಟ್ಟುವ ಕ್ಷಣಕ್ಕೇ ಬರುತ್ತಿತ್ತೆಂದು ಭೌತವಿಜ್ಞಾನಿ ಟಾಮ್ ರೇ ಲೆಕ್ಕ ಹಾಕಿ ತೋರಿಸಿದ್ದಾರೆ.

ದಿನದ ಆಯ್ಕೆಯೂ ಮುಖ್ಯ. ಡಿಸೆಂಬರ್ 21ರ ಅಕ್ಕಪಕ್ಕ ಕ್ರಾಂತಿ ಬದಲಾಗುವುದೇ ಇಲ್ಲವೆನ್ನಬಹುದು, ಹಾಗಾಗಿ ನ್ಯೂಗ್ರೇಂಜ್‌ನಲ್ಲಿ ಬೆಳಕು ಕೆಲವು ದಿನ ಬೀಳುತ್ತದೆ. ಹಗಲು ರಾತ್ರಿ ಸಮವಾಗುವ ವಿಷುವದ ಹೊತ್ತಿಗೆ ಹಾಗಲ್ಲ. ಅದೇ ಮೀತ್ ಕೌಂಟಿಯ ಲಾಕ್ರ್ಯೂ ಬೆಟ್ಟದ ‘ಟಿ’ ಸಮಾಧಿಯಲ್ಲಿ ವಿಷುವದ ಬಿಸಿಲು ಹಿಂಗೋಡೆಯ ಸೂರ್ಯನಂಥ ಕೆತ್ತನೆಗಳ ಮೇಲೆ ಬೀಳುತ್ತದೆ, ಆದರೆ ಸೂರ್ಯ ಹುಟ್ಟುವ ಬಿಂದು ದಿನಕ್ಕೆ ಒಂದು ಬಿಂಬಕ್ಕಿಂತ ಹೆಚ್ಚು ಓಡುತ್ತಿರುತ್ತದೆ. ಒಂದು ದಿನ ತಪ್ಪಿದರೂ ಬೆಳಕಿನ ಚೌಕ ಬೇರೆ ಕಡೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಡಬ್ಲಿನ್‌ಗೆ ಹೋಗುತ್ತಿದ್ದೇವೆ. ಒಳಗೆ ಬಿಡುತ್ತಾರೆಯೇ? (ಬೆಂಗಳೂರು)

ಅಯನದ ಬೆಳಗ್ಗೆಗೆ ಲಾಟರಿ ಎತ್ತುತ್ತಾರೆ. ಸಾವಿರಾರು ಅರ್ಜಿ, ಕೋಣೆಯಲ್ಲಿ ನಿಲ್ಲಲು ಜಾಗ ಬೆರಳೆಣಿಕೆಯವರಿಗೆ. ಚೀಟಿ ಬಂದರೂ ಮೋಡ ಕವಿದರೆ ಏನೂ ಕಾಣದು, ಅಲ್ಲಿ ಡಿಸೆಂಬರ್ ಎಂದರೆ ಮೋಡವೇ. ಬೇರೆ ದಿನಗಳಲ್ಲಿ ಟಿಕೆಟ್ ಪಡೆದು ಹೋದರೆ ವಿದ್ಯುತ್ ದೀಪದಿಂದ ಅದೇ ಬೆಳಕನ್ನು ತೋರಿಸುತ್ತಾರೆ. ದಿಬ್ಬಕ್ಕೆ ನೇರವಾಗಿ ಹೋಗುವಂತಿಲ್ಲ. ನದಿಯ ದಕ್ಷಿಣ ದಂಡೆಯ ಸಂದರ್ಶಕರ ಕೇಂದ್ರದಿಂದ ಅವರದೇ ಬಸ್ಸಿನಲ್ಲಿ ಹೋಗಬೇಕು. ಹೊರಗಿನ ಬಿಳಿ ಬೆಣಚುಕಲ್ಲಿನ ಗೋಡೆ ಕಂಡು ಮರುಳಾಗಬೇಡಿ. ಕಲ್ಲು ಹಳೆಯದು, ಅದನ್ನು ಗೋಡೆಯಾಗಿ ಜೋಡಿಸಿದ್ದು ಉತ್ಖನನದ ನಂತರ. ನೇರಪ್ರಸಾರ ಇರುವ ವರ್ಷ ಮನೆಯಲ್ಲೇ ನೋಡುವುದಾದರೆ ಅಲ್ಲಿನ ಬೆಳಗ್ಗೆ 8:58 ನಮಗೆ ಮಧ್ಯಾಹ್ನ 2:28.