ಓದುಗರ ಪ್ರಶ್ನೆ: ಮೇ ಮುಗಿಯುವವರೆಗೆ ಅರವಟಿಗೆ ನಡೆಸುವುದು ಹೇಗೆ?

ಪ್ರಶ್ನೆ: ನಾವು ಸಿಂಧನೂರಿನ ಹನ್ನೆರಡು ಜನ ಕಾಲೇಜು ಹುಡುಗ ಹುಡುಗಿಯರು. ಹೋದ ಬೇಸಿಗೆಯಲ್ಲಿ ಗಂಜ್ (ಕೃಷಿ ಮಾರುಕಟ್ಟೆ) ಹತ್ತಿರ ಹಮಾಲರಿಗೆ, ಸಂತೆಗೆ ಬಂದವರಿಗೆ ಅಂತ ಅರವಟಿಗೆ ಇಟ್ಟೆವು. ಮೇಲೆ ತಗಡು ಹೊದಿಸಿ, ಸುತ್ತ ಬ್ಯಾನರ್ ಕಟ್ಟಿದ್ದೆವು. ನೀರು ತಣ್ಣಗಾಗಲೇ ಇಲ್ಲ. ಮೂರನೇ ವಾರಕ್ಕೆ ಹರವಿಗೆ (ನೀರಿನ ಮಣ್ಣಿನ ಮಡಕೆಗೆ) ಪಾಚಿ ಹಿಡಿಯಿತು, ಜನ ಬರುವುದು ನಿಂತಿತು. ಈ ಸಲ ಏನು ಮಾಡೋಣ?

ಉತ್ತರ: ಬ್ಯಾನರ್ ಬಿಚ್ಚಿ. ಹರವಿಯ ಮೈಯಿಂದ ಜಿನುಗಿದ ನೀರು ಆರುವಾಗಲೇ ಒಳಗಿನ ನೀರು ತಂಪಾಗುವುದು. ಅದಕ್ಕೆ ಗಾಳಿ ಆಡಬೇಕು. ತಗಡು ಕಾದು ಕೆಳಗೆ ಬಿಸಿ ಇಳಿಸುತ್ತದೆ. ನಿಮ್ಮ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಅದನ್ನೇ ದಪ್ಪಗೆ ಹೊದಿಸಿ, ನಾಲ್ಕೂ ಬದಿ ತೆರೆದಿಡಿ. ಹರವಿಗಳನ್ನು ಹಸಿ ಮರಳಿನ ಮೇಲೆ ಕೂರಿಸಿ, ಒದ್ದೆ ಗೋಣಿ ಸುತ್ತಿ. ಬಣ್ಣ ಬಳಿದ ಹರವಿ ಕೊಳ್ಳಬೇಡಿ, ರಂಧ್ರ ಮುಚ್ಚಿರುತ್ತವೆ. ಹೊಸದಾದರೆ ಒಂದು ಹಗಲು ಒಂದು ರಾತ್ರಿ ನೀರು ತುಂಬಿಟ್ಟು ಚೆಲ್ಲಿ.

ಚೀಲ ಹೊತ್ತು ದಣಿದವರಿಗೆ ಒಂದು ಲೋಟ ಸಾಲದು. ದಿನಕ್ಕೆ 300 ಜನ ಬರುತ್ತಾರೆ ಎಂದುಕೊಳ್ಳಿ, ತಲೆಗೆ ಅರ್ಧ ಲೀಟರ್ ಹಿಡಿದರೆ 150 ಲೀಟರ್. 20 ಲೀಟರಿನ ಎಂಟು ಹರವಿ ಬೇಕು, ಜೊತೆಗೆ ಎರಡು ಹೆಚ್ಚಿಗೆ. ನಾಲ್ಕನ್ನು ಹಿಂದಿನ ಸಂಜೆ, ನಾಲ್ಕನ್ನು ಬೆಳಿಗ್ಗೆ ಏಳಕ್ಕೆ ತುಂಬಿ. ಮಧ್ಯಾಹ್ನ ಖಾಲಿಯಾದ ಮೇಲೆ ತುಂಬಿದ್ದು ಆ ಹೊತ್ತಿಗೆ ತಣ್ಣಗಾಗುವುದಿಲ್ಲ. ಎರಡು ಹೆಚ್ಚಿಗೆ ಇರುವುದರಿಂದ ದಿನವೂ ಎರಡೆರಡು ಹರವಿ ಸರದಿಯಂತೆ ಒಣಗಲಿ: ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ. ಪಾಚಿ ಬರುವುದು ಸದಾ ಒದ್ದೆಯಿದ್ದು ಬೆಳಕು ಬಿದ್ದಾಗ. ಸಾಬೂನು ಮಾತ್ರ ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಂಡು ನೀರಿಗೆ ಬಿಡುತ್ತದೆ.

ಯಾವ ನೀರು ಎಂಬುದು ಎಲ್ಲಕ್ಕಿಂತ ಮುಖ್ಯ. 2022ರಲ್ಲಿ ನಿಮ್ಮ ಜಿಲ್ಲಾ ಕೇಂದ್ರ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತರು. ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ; ಅದು ಕುದಿಸಿದರೂ ಹೋಗದು, ಕ್ಲೋರಿನ್ ಹಾಕಿದರೂ ಹೋಗದು. ಹಾಗಾಗಿ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ನಲ್ಲಿ ನೀರೇ ಗತಿಯಾದರೆ ಬಟ್ಟೆಯಲ್ಲಿ ಸೋಸಿ, ಪೊಟ್ಟಣದಲ್ಲಿ ಬರೆದ ಅಳತೆಗೆ ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕೊಡಿ. ಆಮೇಲೂ ಲೋಟ ಅದ್ದಿದ ಒಂದು ಕೈ ಸಾಕು ಎಲ್ಲ ಕೆಡಲು. ಮುಚ್ಚಳ ಹಾಕಿ, ಉದ್ದ ಹಿಡಿಯ ಸೌಟಿನಿಂದ ನೀವೇ ಹೊಯ್ಯಿರಿ.

ಪ್ರಶ್ನೆ: ಮಜ್ಜಿಗೆಗೆ ಐಸ್ ಹಾಕಬಹುದೇ? ಬಿಸಿಲಿಗೆ ಯಾರಾದರೂ ಬಿದ್ದರೆ?

ಉತ್ತರ: ಐಸ್ ಕಾರ್ಖಾನೆಯ ಗಡ್ಡೆ ಬೇಡವೇ ಬೇಡ. ಅದರಲ್ಲಿ ಬಹಳಷ್ಟನ್ನು ಮೀನು ಕೆಡದಿರಲೆಂದು ಮಾಡುತ್ತಾರೆ, ಕುಡಿಯುವುದಕ್ಕಲ್ಲ. ಲೀಟರ್ ಮೊಸರಿಗೆ ನಾಲ್ಕು ಲೀಟರ್ ಹರವಿ ನೀರು, ಉಪ್ಪು, ಕರಿಬೇವು ಸಾಕು. ಬೆಳಿಗ್ಗೆಯೇ ಕಡೆದಿಟ್ಟರೆ ಮಧ್ಯಾಹ್ನಕ್ಕೆ ಹುಳಿಯುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ.

ಬಿಸಿಲಿಗೆ ಸುಸ್ತಾದವರಿಗೆ ಕೊಡುವ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ) ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ. ಮೈ ಸುಡುತ್ತಾ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ನೆರಳಿಗೆ ಒಯ್ದು, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಮೈಗೆ ನೀರು ಸುರಿದು ಗಾಳಿ ಬೀಸುತ್ತಿರಿ.

ಪ್ರಶ್ನೆ: ಪರೀಕ್ಷೆ ಬಂದರೆ ನಮ್ಮಲ್ಲಿ ಅರ್ಧ ಜನ ಇರುವುದಿಲ್ಲ.

ಉತ್ತರ: ಇಡೀ ದಿನ ನಿಲ್ಲಬೇಡಿ, ಹನ್ನೊಂದರಿಂದ ನಾಲ್ಕು ಸಾಕು. ಇಬ್ಬರಂತೆ ಆರು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಬೇರೆ ಬೇರೆ ಕಾಲೇಜಿನವರಿರಲಿ, ಇಬ್ಬರ ಪರೀಕ್ಷೆಯೂ ಒಂದೇ ದಿನ ಬೀಳುವ ಸಂಭವ ಕಡಿಮೆ. ಭಾನುವಾರದ ಪಾಳಿ ನೋಡಿಕೊಳ್ಳಲು ಗಂಜ್ ಅಂಗಡಿಯವರನ್ನು ಕೇಳಿ. ಸಂಜೆ ತುಂಬುವ ಕೆಲಸಕ್ಕೆ ಮಾತ್ರ ಹತ್ತಿರದಲ್ಲೇ ಮನೆಯಿರುವವರನ್ನು ಹುಡುಕಿ, ಅದು ಒಂದು ದಿನ ತಪ್ಪಿದರೂ ಮರುದಿನ ಹಮಾಲರಿಗೆ ಸಿಗುವುದು ಬಿಸಿ ನೀರು.